ಹಿಡಿಕೆ ಮತ್ತು ತಳ: ಬಾಡಿಗೆ ಮನೆಯಲ್ಲಿ ಗ್ರೋ ಬ್ಯಾಗುಗಳ ನಾಲ್ಕು ವರ್ಷ

ಗ್ರೋ ಬ್ಯಾಗ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಗಿಡದ ಚೀಲಗಳನ್ನು ನಾನು 2021ರ ಜೂನ್ ತಿಂಗಳಿನಿಂದ ಬಳಸುತ್ತ ಬಂದಿದ್ದೇನೆ. ಈ ನಾಲ್ಕು ವರ್ಷಗಳಲ್ಲಿ ಒಮ್ಮೆ ಮನೆ ಬದಲಾಯಿಸಿದ್ದೇವೆ, ಮೂರು ಬಗೆಯ ಚೀಲಗಳನ್ನು ಕೊಂಡಿದ್ದೇವೆ, ಅವುಗಳಲ್ಲಿ ಒಂದು ಬಗೆಯನ್ನು ಪೂರ್ತಿಯಾಗಿ ಕಸದ ಗಾಡಿಗೆ ಹಾಕಿದ್ದೇವೆ. ಈ ಚೀಲಗಳ ಬಗ್ಗೆ ಓದಲು ಸಿಗುವ ಅಭಿಪ್ರಾಯಗಳು ಹೆಚ್ಚಾಗಿ ಚೀಲ ಕೈಸೇರಿದ ವಾರದಲ್ಲೇ ಬರೆದವು. ಬಣ್ಣ ಚೆನ್ನಾಗಿದೆ, ಬೇಗ ತಲುಪಿತು ಎಂಬಲ್ಲಿಗೆ ಅವು ಮುಗಿಯುತ್ತವೆ. ಬಾಡಿಗೆ ಮನೆಯಲ್ಲಿ ಕೈತೋಟ ಮಾಡುವವರಿಗೆ ಅಷ್ಟು ಸಾಲದು. ಸ್ವಂತ ಮನೆಯವರು ಕುಂಡ ಕೊಳ್ಳುವಾಗ ಅದರಲ್ಲಿ ಗಿಡ ಹೇಗೆ ಬೆಳೆಯುತ್ತದೆ ಎಂದು ನೋಡಿದರೆ ಸಾಕು. ಬಾಡಿಗೆಯವರು ಅದರ ಹಿಡಿಕೆಯನ್ನೂ ತಳವನ್ನೂ ನೋಡಬೇಕು. ಹಿಡಿಕೆ ಕಿತ್ತುಹೋದರೆ ಗಿಡ ನಮ್ಮ ಜೊತೆ ಮುಂದಿನ ಮನೆಗೆ ಬರುವುದಿಲ್ಲ; ತಳ ಸರಿಯಿಲ್ಲದಿದ್ದರೆ ಮಾಲೀಕರ ಜೊತೆ ಮಾತು ಕೆಡುತ್ತದೆ. ಈ ಎರಡನ್ನೇ ಮುಖ್ಯವಾಗಿಟ್ಟುಕೊಂಡು ಈ ವಿಮರ್ಶೆಯನ್ನು ಬರೆದಿದ್ದೇನೆ.

ನಮ್ಮ ಮೊದಲ ಮನೆ ಬೆಂಗಳೂರಿನ ಶ್ರೀನಗರದಲ್ಲಿ, ಎರಡನೆಯ ಮಹಡಿಯಲ್ಲಿತ್ತು. ತಾರಸಿಯ ಒಂದು ಮೂಲೆಯನ್ನು ಗಿಡಗಳಿಗೆ ಬಳಸಿಕೊಳ್ಳಲು ಮಾಲೀಕರು ಒಪ್ಪಿದ್ದರು. ಈಗಿನ ಮನೆ ಕತ್ರಿಗುಪ್ಪೆಯಲ್ಲಿದೆ. ಇಲ್ಲಿ ತಾರಸಿ ನಮ್ಮ ಬಳಕೆಗಿಲ್ಲ. ಪೂರ್ವಕ್ಕೆ ಮುಖ ಮಾಡಿದ, 10 ಅಡಿ ಉದ್ದ 4 ಅಡಿ ಅಗಲದ ಬಾಲ್ಕನಿಯೇ ತೋಟ. ಎರಡೂ ಕಡೆ ಕರಾರು 11 ತಿಂಗಳದ್ದು. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕಾದ್ದರಿಂದ, 11 ತಿಂಗಳಿಗೆ ಬರೆದು ಮತ್ತೆ ಮತ್ತೆ ನವೀಕರಿಸುವುದು ಊರಿಗೆಲ್ಲ ರೂಢಿಯಾಗಿದೆ. ಕರಿಬೇವಿನ ಸಸಿಯೊಂದು ಒಗ್ಗರಣೆಗೆ ಸಾಕಾಗುವಷ್ಟು ಎಲೆ ಕೊಡಲು ತೊಡಗುವ ಹೊತ್ತಿಗೆ ಕರಾರಿನ ಒಂದು ಸುತ್ತು ಮುಗಿದಿರುತ್ತದೆ. ಹಾಗಾಗಿ ಯಾವ ಗಿಡವನ್ನು ನೆಡುವಾಗಲೂ, ಇದನ್ನು ಎತ್ತಿಕೊಂಡು ಮೆಟ್ಟಿಲಿಳಿಯಲು ಸಾಧ್ಯವೇ ಎಂದು ಕೇಳಿಕೊಳ್ಳುವುದು ನನಗೆ ಅಭ್ಯಾಸವಾಗಿದೆ.

ಚೀಲಗಳಿಗೆ ಬರುವ ಮೊದಲು ನಮ್ಮಲ್ಲಿ ಆರು ಮಣ್ಣಿನ ಕುಂಡಗಳೂ ಎರಡು ಸಿಮೆಂಟ್ ಕುಂಡಗಳೂ ಇದ್ದವು. ಮಣ್ಣಿನ ಕುಂಡದ ಬಗ್ಗೆ ನನಗೆ ಈಗಲೂ ಗೌರವವಿದೆ: ಅದರ ಗೋಡೆಯ ಮೂಲಕ ಗಾಳಿಯಾಡುತ್ತದೆ, ಬೇಸಿಗೆಯಲ್ಲಿ ಬೇರು ತಂಪಾಗಿರುತ್ತದೆ, ತುಳಸಿ ಅದರಲ್ಲಿ ಬೆಳೆದಷ್ಟು ಸೊಂಪಾಗಿ ಬೇರೆ ಯಾವುದರಲ್ಲೂ ಬೆಳೆದದ್ದನ್ನು ನಾನು ಕಂಡಿಲ್ಲ. ತೊಂದರೆಯೆಲ್ಲ ತೂಕದ್ದು. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗಲು ಇಟ್ಟುಕೊಂಡಿದ್ದ ಕೊಕ್ಕೆಯ ತಕ್ಕಡಿಯಿಂದ ಒಂದು ಭಾನುವಾರ ಎಲ್ಲವನ್ನೂ ತೂಗಿ ನೋಡಿದೆ. 12 ಇಂಚಿನ ಸಿಮೆಂಟ್ ಕುಂಡ ಬರಿದಾಗಿದ್ದಾಗಲೇ 13 ಕಿಲೋ ಇತ್ತು. ಅದೇ ಅಳತೆಯ ಮಣ್ಣಿನ ಕುಂಡ 6 ಕಿಲೋ. 12 ಇಂಚು ಅಗಲ, 12 ಇಂಚು ಎತ್ತರದ ಚೀಲ ಬರೀ 100 ಗ್ರಾಂ. ಈ ಅಳತೆಯ ಚೀಲದಲ್ಲಿ ಸುಮಾರು 22 ಲೀಟರ್ ಹಿಡಿಸುತ್ತದೆ. ಮೇಲೆ ಎರಡು ಇಂಚು ಬಿಟ್ಟು, ಅರ್ಧಕ್ಕಿಂತ ಹೆಚ್ಚು ಕೆಮ್ಮಣ್ಣು ತುಂಬಿ, ಚೆನ್ನಾಗಿ ನೀರುಣಿಸಿ ತೂಗಿದಾಗ 25 ಕಿಲೋ ಬಂತು. ಕೆಮ್ಮಣ್ಣನ್ನು ಐದರಲ್ಲಿ ಒಂದು ಪಾಲಿಗೆ ಇಳಿಸಿ, ಉಳಿದುದಕ್ಕೆ ಕೊಕೊಪೀಟ್ (ತೆಂಗಿನ ಸಿಪ್ಪೆಯ ಪುಡಿ) ಮತ್ತು ಎರೆಗೊಬ್ಬರ ಬೆರೆಸಿದ ಚೀಲ ನೀರು ಕುಡಿದ ಮೇಲೂ 16 ಕಿಲೋ ದಾಟಲಿಲ್ಲ.

ಈ ಲೆಕ್ಕದಿಂದ ಉಳಿಯುವುದು ಬೆನ್ನು ಮಾತ್ರವಲ್ಲ, ಕಟ್ಟಡವೂ ಹೌದು. ಕಟ್ಟಡಗಳು ಹೊರಬೇಕಾದ ಭಾರದ ಕುರಿತ ಭಾರತೀಯ ಮಾನಕ ಐಎಸ್ 875ರ 2ನೆಯ ಭಾಗದಲ್ಲಿ, ಜನ ಹತ್ತಿ ಓಡಾಡುವ ಸಮತಟ್ಟು ತಾರಸಿಗೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಎಂದರೆ ಸುಮಾರು 150 ಕಿಲೋ ಭಾರವನ್ನೂ, ವಾಸದ ಮನೆಯ ಬಾಲ್ಕನಿಗೆ ಅದರ ಎರಡರಷ್ಟನ್ನೂ ಲೆಕ್ಕಕ್ಕೆ ಹಿಡಿದು ವಿನ್ಯಾಸ ಮಾಡಬೇಕೆಂದಿದೆ. ಒಂದು ಚದರ ಮೀಟರಿನಲ್ಲಿ 12 ಇಂಚಿನ ಒಂಬತ್ತು ಚೀಲಗಳನ್ನು ಒತ್ತೊತ್ತಾಗಿ ಇಡಬಹುದು. ಅವು ಮಣ್ಣು ತುಂಬಿದವಾದರೆ 225 ಕಿಲೋ, ಹಗುರ ಮಿಶ್ರಣದವಾದರೆ 144 ಕಿಲೋ. ಬಾಲ್ಕನಿಯಲ್ಲಿ ಎರಡೂ ನಡೆಯುತ್ತದೆ. ತಾರಸಿಯಲ್ಲಿ ಮೊದಲನೆಯದು ಮಿತಿ ಮೀರುತ್ತದೆ. ಹಳೆಯ ಕಟ್ಟಡಗಳನ್ನು ಯಾವ ಲೆಕ್ಕದಲ್ಲಿ ಕಟ್ಟಿದ್ದಾರೆಂದು ಬಾಡಿಗೆಯವರಿಗೆ ತಿಳಿಯುವ ದಾರಿಯಿಲ್ಲ. ಆದ್ದರಿಂದ ಚೀಲಗಳನ್ನು ತಾರಸಿಯ ನಡುವೆ ಗುಡ್ಡೆ ಹಾಕದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಸಾಲಾಗಿ ಇಡುವುದು ಕ್ಷೇಮ. ಮಾಲೀಕರಿಗೆ ಈ ವಿಷಯ ವಿವರಿಸಿ ಹೇಳಿದ್ದರಿಂದಲೇ ನಮಗೆ ತಾರಸಿಯ ಮೂಲೆ ಸಿಕ್ಕಿತು.

2021ರಲ್ಲಿ ಕೊಂಡ ಮೊದಲ ಕಂತು ಹಸಿರು ಬಣ್ಣದ ಹನ್ನೆರಡು ಚೀಲಗಳು. ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಪಟ್ಟಿಗಳಿಂದ ನೇಯ್ದು, ಮೇಲೆ ತೆಳುವಾದ ಪದರ ಹಚ್ಚಿದ, ಮುಟ್ಟಿದರೆ ಗೊಬ್ಬರದ ಚೀಲದ ನೆನಪು ತರುವ ವಸ್ತು. ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪೊಟ್ಟಣದ ಮೇಲೆ ಐದು ವರ್ಷ ಬಾಳಿಕೆ ಎಂದು ಅಚ್ಚಾಗಿತ್ತು. ಮೊದಲ ವರ್ಷ ದೂರುವಂಥದ್ದೇನೂ ಇರಲಿಲ್ಲ. ಮೆಣಸಿನಕಾಯಿ, ಬದನೆ, ಹರಿವೆ ಎಲ್ಲವೂ ಚೆನ್ನಾಗಿ ಬಂದವು. ಒಂದು ಬೇಸಿಗೆ ಕಳೆದ ಮೇಲೆ ಚೀಲದ ಅಂಚನ್ನು ಹಿಡಿದರೆ ಬೆರಳಿಗೆ ಹಸಿರು ಹೊಟ್ಟಿನಂತಹ ಪುಡಿ ಅಂಟಿಕೊಳ್ಳತೊಡಗಿತು. ಬಿಸಿಲಿನ ನೇರಳಾತೀತ ಕಿರಣಗಳು ಈ ಜಾತಿಯ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ಕತ್ತರಿಸುತ್ತವೆ. ಅದನ್ನು ತಡೆಯುವ ರಾಸಾಯನಿಕವನ್ನು ತಯಾರಿಕೆಯ ಹಂತದಲ್ಲೇ ಬೆರೆಸಬೇಕು. ಅದು ಖರ್ಚಿನ ಬಾಬ್ತು, ಕಣ್ಣಿಗೆ ಕಾಣುವಂಥದ್ದೂ ಅಲ್ಲ. ಆದ್ದರಿಂದ ಅದನ್ನು ಬೆರೆಸದ ಚೀಲವೂ ಬೆರೆಸಿದ ಚೀಲವೂ ಅಂಗಡಿಯಲ್ಲಿ ಒಂದೇ ಥರ ಹೊಳೆಯುತ್ತವೆ.

2022ರ ಆಗಸ್ಟಿನಲ್ಲಿ ಮನೆ ಬದಲಾಯಿಸಿದೆವು. ಸಾಮಾನೆಲ್ಲ ಇಳಿದ ಮೇಲೆ, ಕೊನೆಯ ಸುತ್ತಿಗೆ ಗಿಡಗಳು. ಕಾಯಿ ಬಿಟ್ಟಿದ್ದ ಬದನೆಯ ಚೀಲವನ್ನು ನನ್ನ ಗಂಡ ಒಂದು ಕಡೆ, ಟೆಂಪೊದ ಹುಡುಗ ಇನ್ನೊಂದು ಕಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಮೊದಲನೆಯ ಮಹಡಿಯ ತಿರುವಿನಲ್ಲಿ ಹುಡುಗನ ಕೈಯಲ್ಲಿದ್ದ ಹಿಡಿಕೆ, ಅದನ್ನು ಹೊಲಿದಿದ್ದ ಅಂಚಿನ ಪಟ್ಟಿಯ ಸಮೇತ, ಬಟ್ಟೆಯಂಗಡಿಯಲ್ಲಿ ಬಟ್ಟೆ ಹರಿದಂತೆ ಪರ್‍ರನೆ ಕಿತ್ತು ಬಂತು. ಚೀಲ ಮೆಟ್ಟಿಲಿನ ಮೇಲೆ ಕುಕ್ಕರಿಸಿ ಬಿತ್ತು, ಮೈ ಸೀಳಿತು. ಒಳಗಿನ ಮಣ್ಣು ಚದುರಲಿಲ್ಲ. ಬಿಳಿಯ ಬೇರುಗಳು ಸುತ್ತಲೂ ಹೆಣೆದುಕೊಂಡು ಅದನ್ನು ದುಂಡಗೆ ಹಿಡಿದಿದ್ದವು. ಗೋಣಿಚೀಲವನ್ನು ನೀರಿನಲ್ಲಿ ನೆನೆಸಿ ಅದಕ್ಕೆ ಸುತ್ತಿ, ಹಗ್ಗ ಬಿಗಿದು ಕತ್ರಿಗುಪ್ಪೆಗೆ ತಂದೆವು. ಗಿಡ ಇದ್ದ ಹೂವನ್ನೆಲ್ಲ ಉದುರಿಸಿ, ಮೂರು ವಾರ ಮಂಕಾಗಿದ್ದು, ಆಮೇಲೆ ಚಿಗುರಿತು. ಹನ್ನೆರಡರಲ್ಲಿ ಏಳು ಚೀಲಗಳು ಆ ದಿನ ಹರಿದವು. ಕೊಂಡು ಆಗಿದ್ದದ್ದು 14 ತಿಂಗಳು. ನನಗೆ ಹೆಚ್ಚು ನೋವಾದದ್ದು ಮಣ್ಣನ್ನು ಜರಡಿ ಹಿಡಿಯುವಾಗ. ಎರಡು ವರ್ಷ ಅಡುಗೆಮನೆಯ ಸಿಪ್ಪೆ, ಬೇವಿನ ಹಿಂಡಿ ಹಾಕಿ ಹದ ಮಾಡಿದ್ದ ಆ ಮಣ್ಣಿನ ತುಂಬ ಹಸಿರು ಪ್ಲಾಸ್ಟಿಕ್ ಚೂರುಗಳು ಸೇರಿಕೊಂಡಿದ್ದವು. ಎಷ್ಟು ಆರಿಸಿದರೂ ಪೂರ್ತಿ ತೆಗೆಯಲಾಗಲಿಲ್ಲ. ಆ ಮಣ್ಣನ್ನು ಮತ್ತೆ ಸೊಪ್ಪಿಗೆ ಬಳಸಲು ಮನಸ್ಸು ಬರಲಿಲ್ಲ.

ಅಂದಿನಿಂದ ಅಂಗಡಿಯಲ್ಲಿ ಚೀಲವನ್ನು ಕೈಗೆತ್ತಿಕೊಂಡರೆ ನಾನು ಮೊದಲು ಮಾಡುವ ಕೆಲಸ ಅದನ್ನು ತಲೆಕೆಳಗು ಮಾಡುವುದು. ಹಿಡಿಕೆಯ ಪಟ್ಟಿ ಬರೀ ಮೇಲಿನ ಅಂಚಿಗೆ ಹೊಲಿದದ್ದೋ, ಅಥವಾ ಒಂದು ಬದಿಯಿಂದ ಇಳಿದು, ತಳದ ಕೆಳಗೆ ಹಾದು, ಇನ್ನೊಂದು ಬದಿಗೆ ಏರಿದೆಯೋ ಎಂದು ನೋಡುತ್ತೇನೆ. ಮೊದಲ ಬಗೆಯಲ್ಲಿ 16 ಕಿಲೋ ಭಾರವನ್ನೂ ಎರಡು ಇಂಚಿನ ಹೊಲಿಗೆಯೇ ಹೊರಬೇಕು. ಎರಡನೆಯದರಲ್ಲಿ ಪಟ್ಟಿಯೇ ಚೀಲವನ್ನು ಅಡಿಯಿಂದ ಎತ್ತುತ್ತದೆ, ಚೀಲದ ಬಟ್ಟೆ ಸ್ವಲ್ಪ ಸವೆದಿದ್ದರೂ ಗಿಡ ಕೆಳಗೆ ಬೀಳುವುದಿಲ್ಲ. ಬೆಲೆಯಲ್ಲಿ ವ್ಯತ್ಯಾಸ ಚೀಲಕ್ಕೆ ಹದಿನೈದೋ ಇಪ್ಪತ್ತೋ ರೂಪಾಯಿ. ಅಂಗಡಿಯವರು ಜಿಎಸ್‌ಎಂ ಲೆಕ್ಕ ಹೇಳುತ್ತಾರೆ, ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬುದು. 220ಕ್ಕಿಂತ ಕಡಿಮೆಯಿದ್ದರೆ ಬೇಡವೆನ್ನುವುದು ಸರಿ. ಆದರೆ ದಪ್ಪ ಬಟ್ಟೆಯೆಂದ ಮಾತ್ರಕ್ಕೆ ಬಿಸಿಲು ತಡೆಯುತ್ತದೆಂದು ಅರ್ಥವಲ್ಲ, ಅದನ್ನು ಬೇರೆಯಾಗಿಯೇ ಕೇಳಬೇಕು.

ಎರಡನೆಯ ಕಂತಿನಲ್ಲಿ ಕಂಬಳಿಯಂತೆ ಒತ್ತಿ ಮಾಡಿದ, ನೇಯ್ಗೆಯಿಲ್ಲದ ಬಟ್ಟೆಯ ಎಂಟು ಚೀಲಗಳನ್ನು ತಂದೆವು. ಇವುಗಳ ಗುಣ ನಿಜವಾದದ್ದು. ಬೇರಿನ ತುದಿ ಚೀಲದ ಗೋಡೆಯನ್ನು ಮುಟ್ಟಿದಾಗ ಗಾಳಿಗೆ ಒಣಗಿ ನಿಲ್ಲುತ್ತದೆ, ಹಿಂದಿನಿಂದ ಕವಲುಬೇರುಗಳು ಒಡೆಯುತ್ತವೆ. ಪ್ಲಾಸ್ಟಿಕ್ ಕುಂಡದಲ್ಲಾಗುವಂತೆ ಬೇರು ಗೋಡೆಯ ಗುಂಟ ಸುತ್ತು ಹಾಕುವುದಿಲ್ಲ. ಹೊಲಿಗೆಯೂ ಗಟ್ಟಿಯಾಗಿತ್ತು. ಆದರೆ ಬಾಡಿಗೆ ಮನೆಯ ಬಾಲ್ಕನಿಗೆ ಇವು ಹೊಂದಲಿಲ್ಲ. ನೀರು ಹಾಕಿದರೆ ತಳದ ರಂಧ್ರದಿಂದಲ್ಲದೆ ಮೈಯೆಲ್ಲ ಜಿನುಗುತ್ತದೆ, ಟೈಲ್ಸಿನ ಮೇಲೆ ಕಂದು ಉಂಗುರಗಳು ಮೂಡುತ್ತವೆ. ಬೋರ್‌ವೆಲ್ ನೀರಿನ ಉಪ್ಪು ಹೊರಮೈಯಲ್ಲಿ ಬಿಳಿಯ ಪೊರೆಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಅದರ ಮೇಲೆಯೇ ಪಾಚಿ ಕಟ್ಟುತ್ತದೆ. ಮಾರ್ಚ್‌ನಲ್ಲಿ ಬೆಳಿಗ್ಗೆ ನೀರುಣಿಸಿದ ಚೀಲ ಸಂಜೆಗೆ ಬೆಂಡಾಗಿರುತ್ತಿತ್ತು. ಎಂಟರಲ್ಲಿ ಎರಡನ್ನು ಮಾತ್ರ ಇಟ್ಟುಕೊಂಡಿದ್ದೇನೆ, ಶುಂಠಿಗಾಗಿ. ನೀರು ನಿಂತರೆ ಗಡ್ಡೆ ಕೊಳೆಯುವುದರಿಂದ ಅದಕ್ಕೆ ಇವು ಒಳ್ಳೆಯವು.

ಈಗ ಇರುವುದು 2023ರ ಜನವರಿಯಲ್ಲಿ ಕೊಂಡ ಮೂರನೆಯ ಬಗೆ: ಹೊರಗೆ ಬಿಳಿ, ಒಳಗೆ ಕಪ್ಪು, ಬಿಸಿಲು ತಡೆಯುವಂತೆ ಸಂಸ್ಕರಿಸಿದ ಎಚ್‌ಡಿಪಿಇ ಚೀಲ, ಪಟ್ಟಿ ತಳದ ಕೆಳಗೆ ಹಾದದ್ದು. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ಕಪ್ಪು ಒಳಮೈ ಬೆಳಕನ್ನು ಬೇರಿನವರೆಗೆ ಬಿಡುವುದಿಲ್ಲ. ಎರಡೂವರೆ ವರ್ಷದ ಮೇಲೂ ಅಂಚು ಪುಡಿಯಾಗಿಲ್ಲ; ಹತ್ತರಲ್ಲಿ ಎರಡು ಚೀಲಗಳ ಅಂಚಿನ ನೂಲು ಮಾತ್ರ ಬಿಟ್ಟಿದೆ. ಇದರಲ್ಲಿ ಎರಡು ದೋಷಗಳಿವೆ. ನೀರು ಹೋಗುವ ರಂಧ್ರಗಳನ್ನು ತಳದಲ್ಲಿ ಮಾಡದೆ, ಬದಿಯಲ್ಲಿ ಒಂದು ಇಂಚು ಮೇಲೆ ಇಟ್ಟಿದ್ದಾರೆ. ಹಾಗಾಗಿ ಅಡಿಯಲ್ಲಿ ಒಂದು ಇಂಚು ನೀರು ಸದಾ ನಿಂತಿರುತ್ತದೆ, ಮೊದಲ ಮಳೆಗಾಲದಲ್ಲಿ ಎರಡು ಮೆಣಸಿನ ಗಿಡಗಳು ಬೇರು ಕೊಳೆತು ಸತ್ತವು. ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಮೇಲೆ ಕಾಯಿಸಿ ತಳದಲ್ಲಿ ನಾಲ್ಕೈದು ತೂತು ಮಾಡಿದ ಮೇಲೆ ಸರಿಹೋಯಿತು. ಕತ್ತರಿಯಿಂದ ಕತ್ತರಿಸಿದರೆ ನೇಯ್ಗೆ ಬಿಚ್ಚಿಕೊಳ್ಳುತ್ತದೆ. ಕಾಯಿಸಿದ ಮೊಳೆ ಅಂಚನ್ನು ಕರಗಿಸಿ ಬೆಸೆಯುವುದರಿಂದ ತೂತು ದೊಡ್ಡದಾಗುವುದಿಲ್ಲ. ಇನ್ನೊಂದು ದೋಷವೆಂದರೆ ಚೀಲವನ್ನು ಪೂರ್ತಿ ತುಂಬದಿದ್ದರೆ ಮೇಲಿನ ಭಾಗ ಒಳಕ್ಕೆ ಮಡಿಚಿಕೊಂಡು ಎಳೆಯ ಸಸಿಗೆ ನೆರಳಾಗುತ್ತದೆ. ಅದನ್ನು ಷರಟಿನ ತೋಳಿನಂತೆ ಹೊರಕ್ಕೆ ಮಡಿಚಿಟ್ಟರಾಯಿತು.

ತಳದ ವಿಷಯಕ್ಕೆ ಬರುತ್ತೇನೆ. ಶ್ರೀನಗರದ ಮನೆಯಲ್ಲಿ ಮೊದಲ ವರ್ಷ ಚೀಲಗಳನ್ನು ನೇರವಾಗಿ ತಾರಸಿಯ ಮೇಲೆ ಇಟ್ಟಿದ್ದೆವು. ಮಳೆ ಹಿಡಿದ ದಿನಗಳಲ್ಲಿ ಒಂದು ಬೆಳಿಗ್ಗೆ ಮಾಲೀಕರ ಮನೆಯಾಕೆ ಮೆಟ್ಟಿಲ ಬಳಿ ನಿಂತು, “ಏನಮ್ಮಾ, ನಿಮ್ಮ ಗಿಡದ ಕೆಂಪುನೀರು ಗೋಡೆ ಮೇಲೆ ಇಳೀತಾ ಇದೆಯಲ್ಲಾ, ಹೋದ ವರ್ಷ ತಾನೇ ಬಣ್ಣ ಹೊಡೆಸಿದ್ವಿ” ಎಂದರು. ಅವರು ಕೋಪದಿಂದ ಹೇಳಿದ್ದಲ್ಲ, ಆದರೆ ನನಗೆ ಮುಖ ಎತ್ತಲಾಗಲಿಲ್ಲ. “ತಪ್ಪಾಯ್ತು ಅಮ್ಮಾ, ಇವತ್ತೇ ಎತ್ತಿಸಿ ನೋಡ್ತೀನಿ” ಎಂದೆ. ಎತ್ತಿ ನೋಡಿದರೆ ಪ್ರತಿ ಚೀಲದ ಅಡಿಯಲ್ಲೂ ದುಂಡಗಿನ ಕಪ್ಪು ತೇವ, ಅದರ ಸುತ್ತ ಪಾಚಿ. ಒಂದು ಕಡೆ ತಾರಸಿಯ ಬಿರುಕಿನಲ್ಲಿ ಬೆರಳುದ್ದದ ಅರಳಿ ಸಸಿ ಆಗಲೇ ಬೇರು ಬಿಟ್ಟಿತ್ತು. ತಾರಸಿ ಸೋರಲು ಗಿಡವೇ ಕಾರಣವಾಗಬೇಕಿಲ್ಲ. ನೆಲ ಒಣಗಲು ಬಿಡದಂತೆ ತಿಂಗಳುಗಟ್ಟಲೆ ಮುಚ್ಚಿಟ್ಟರೆ ಸಾಕು.

ಅದೇ ವಾರ ಬಡಾವಣೆಯ ವೆಲ್ಡಿಂಗ್ ಅಂಗಡಿಯಲ್ಲಿ 9 ಇಂಚು ಎತ್ತರದ ಎರಡು ಕಬ್ಬಿಣದ ಸ್ಟ್ಯಾಂಡುಗಳನ್ನು ಮಾಡಿಸಿದೆವು. ಪೊರಕೆ ಅಡಿಯಲ್ಲಿ ಆಡುವಷ್ಟು ಎತ್ತರವಿರಬೇಕು, ಕಾಲುಗಳಿಗೆ ರಬ್ಬರ್ ಬುರುಡೆ ಇರಬೇಕು ಎಂದು ಮೊದಲೇ ಹೇಳಿದರೆ ಅವರು ಹಾಗೆಯೇ ಮಾಡಿಕೊಡುತ್ತಾರೆ. ಈ ಚೀಲಗಳನ್ನು ಕೊಳ್ಳುವವರು ಸ್ಟ್ಯಾಂಡಿನ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬಾಲ್ಕನಿಯಲ್ಲಿ ಕೆಳಗಿನ ಮನೆಯವರ ಮೇಲೆ ನೀರು ಬೀಳದಂತೆ ತಟ್ಟೆ ಇಡಬೇಕಾಗುತ್ತದೆ. ಆ ತಟ್ಟೆಯ ನೀರನ್ನು ನಾಲ್ಕು ದಿನಕ್ಕೊಮ್ಮೆಯಾದರೂ ಚೆಲ್ಲಲೇಬೇಕು. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರ, ಹತ್ತು ದಿನ ಸಾಕು.

ಚೀಲವನ್ನು ಹಗುರವಾಗಿಸುವ ಕೊಕೊಪೀಟ್ ಬಗ್ಗೆಯೂ ಇಲ್ಲೇ ಹೇಳಬೇಕು, ಏಕೆಂದರೆ ಹೊಸಬರು ಸೋಲುವುದು ಹೆಚ್ಚಾಗಿ ಅಲ್ಲಿ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯೇ ಕೊಕೊಪೀಟ್. ಅದನ್ನು ಒತ್ತಿ ಇಟ್ಟಿಗೆ ಮಾಡಿ ಮಾರುತ್ತಾರೆ. 5 ಕಿಲೋದ ಒಂದು ಇಟ್ಟಿಗೆ ನೀರು ಕುಡಿದರೆ 60 ಲೀಟರಿಗೂ ಹೆಚ್ಚು ಉಬ್ಬುತ್ತದೆ. ನಮ್ಮ ಅತ್ತೆಯವರ ತವರು ಅರಸೀಕೆರೆಯ ಕಡೆ. ನಾನು ಮೊದಲ ಇಟ್ಟಿಗೆಯನ್ನು ತಂದು ಬಕೆಟ್ಟಿಗೆ ಹಾಕಿದಾಗ ಅವರು ನೋಡಿ, “ನಮ್ಮೂರಲ್ಲಿ ನಾರಿನ ಫ್ಯಾಕ್ಟರಿ ಹಿಂದೆ ಇದನ್ನ ಗುಡ್ಡೆ ಹಾಕೋರು ಕಣಮ್ಮ, ವರ್ಷಾನುಗಟ್ಟಲೆ ಅದರ ಮೇಲೆ ಒಂದು ಹುಲ್ಲೂ ಹುಟ್ತಿರಲಿಲ್ಲ” ಎಂದರು. ಆಗ ನಾನು ಆ ಮಾತಿಗೆ ಬೆಲೆ ಕೊಡಲಿಲ್ಲ. ಒಂದೇ ತಿಂಗಳಲ್ಲಿ ಮೆಂತ್ಯದ ಎಲೆಯಂಚು ಸುಟ್ಟಂತಾಗಿ, ಪಾಲಕ್ ಹಳದಿಯಾಗಿ ನಿಂತಿತು. ಹಸಿ ನಾರಿನ ಪುಡಿಯಲ್ಲಿ ಉಪ್ಪಿನಂಶ ಹೆಚ್ಚಿರುತ್ತದೆ. ಜೊತೆಗೆ ಅದು ಇಂಗಾಲ ತುಂಬಿದ, ನಿಧಾನವಾಗಿ ಕೊಳೆಯುವ ವಸ್ತುವಾದ್ದರಿಂದ, ಕೊಳೆಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ತಾವೇ ಹಿಡಿದಿಟ್ಟುಕೊಳ್ಳುತ್ತವೆ. ಅತ್ತೆಯವರು ಕಂಡಿದ್ದ ಬೋಳು ಗುಡ್ಡೆಗಳ ಗುಟ್ಟು ಇದೇ ಇರಬೇಕು.

ಈಗ ಇಟ್ಟಿಗೆಯನ್ನು ರಾತ್ರಿಯಿಡೀ ನೆನೆಸಿ, ಹಳೆಯ ಪಂಚೆಯಲ್ಲಿ ಹಾಕಿ ಹಿಂಡುತ್ತೇನೆ. ಮೊದಲ ನೀರು ಕಷಾಯದ ಬಣ್ಣದ್ದು, ಎರಡನೆಯದು ತೆಳು ಚಹಾದಂತೆ. ಮೂರನೆಯ ಸಲ ಹಿಂಡಿದಾಗ ನೀರು ಬಹುಮಟ್ಟಿಗೆ ತಿಳಿಯಾಗಿ ಬಂದರೆ ಬಳಸಬಹುದು. ಕಡಿಮೆ ಉಪ್ಪಿನದೆಂದು ಪೊಟ್ಟಣದ ಮೇಲೆ ಬರೆದಿದ್ದರೂ ಒಮ್ಮೆ ತೊಳೆಯುತ್ತೇನೆ. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೊಕೊಪೀಟನ್ನು ಹುದುಗಿಸಿ ಗಿಡಕ್ಕೆ ಒಗ್ಗುವಂತೆ ಮಾಡುವ ವಿಧಾನವನ್ನು ರೂಪಿಸಿದ್ದಾರೆ. ಅಂಥದ್ದು ಸಿಕ್ಕರೆ ಈ ಶ್ರಮ ಉಳಿಯುತ್ತದೆ. ನನ್ನ ಮಿಶ್ರಣದಲ್ಲಿ ಎರಡು ಪಾಲು ಕೊಕೊಪೀಟ್, ಎರಡು ಪಾಲು ಎರೆಗೊಬ್ಬರ ಅಥವಾ ಮನೆಯ ಕಾಂಪೋಸ್ಟ್, ಒಂದು ಪಾಲು ಕೆಮ್ಮಣ್ಣು, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ ಇರುತ್ತದೆ. ಮಣ್ಣನ್ನು ಪೂರ್ತಿ ಬಿಟ್ಟರೆ ಚೀಲ ಇನ್ನೂ ಹಗುರವಾಗುತ್ತದೆ ನಿಜ, ಆದರೆ ಗಾಳಿ ಬೀಸಿದಾಗ ಎತ್ತರದ ಗಿಡಗಳು ಚೀಲದ ಸಮೇತ ಮಗುಚಿಕೊಳ್ಳುತ್ತವೆ.

ಚೀಲಗಳ ನಡುವಿನ ವ್ಯತ್ಯಾಸ ನನಗೆ ಸ್ಪಷ್ಟವಾಗಿ ಕಂಡದ್ದು 2024ರ ಬೇಸಿಗೆಯಲ್ಲಿ. ಆ ಮಾರ್ಚ್‌ನಲ್ಲಿ ನೀರಿನ ಅಭಾವ ಎಷ್ಟಿತ್ತೆಂದರೆ, ಕೈತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರನ್ನು ಬಳಸಬಾರದೆಂದು ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತು. ಆ ಆದೇಶ ಸರಿಯೆಂದೇ ನನ್ನ ಭಾವನೆ. ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಮೇಲೆತ್ತಿ ತಂದ ನೀರು ಮೊದಲು ಜನರ ಗಂಟಲಿಗೆ ಹೋಗಬೇಕು. ಅಂದಿನಿಂದ ನಮ್ಮ ಗಿಡಗಳು ಅಕ್ಕಿ ಬೇಳೆ ತೊಳೆದ ನೀರು ಮತ್ತು ಸೊಪ್ಪು ತರಕಾರಿ ತೊಳೆದ ನೀರಿನಲ್ಲೇ ಬದುಕಿದವು. ನೀರು ಶುದ್ಧೀಕರಿಸುವ ಯಂತ್ರ ಬೇಡವೆಂದು ಹೊರಹಾಕುವ ನೀರನ್ನು ಹಲವರು ಗಿಡಕ್ಕೆ ಹಾಕುತ್ತಾರೆ. ಅದರಲ್ಲಿ ಲವಣ ಸಾಂದ್ರವಾಗಿರುವುದರಿಂದ ಚೀಲದ ಗಿಡಗಳಿಗೆ ನಾನು ಹಾಕುವುದಿಲ್ಲ, ನೆಲ ಒರೆಸಲು ಬಳಸುತ್ತೇನೆ. ಮಗ್ಗಿನಲ್ಲಿ ಅಳೆದು ಹಾಕಿದಾಗ ತಿಳಿದದ್ದು, ಅದೇ ಅಳತೆಯ ಕಂಬಳಿ ಬಗೆಯ ಚೀಲ ದಿನಕ್ಕೆ ಎರಡೂವರೆ ಲೀಟರ್ ಕೇಳಿದರೆ ಬಿಳಿಯ ಚೀಲಕ್ಕೆ ಒಂದೂವರೆ ಲೀಟರ್ ಸಾಕಾಯಿತು. ಹಿಂದಿನ ಕಾರ್ತೀಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ತಂದ ಕಾಯಿಯ ಸಿಪ್ಪೆಯನ್ನು ಎಸೆಯದೆ ಚೀಲದಲ್ಲಿ ಕಟ್ಟಿಟ್ಟಿದ್ದೆ. ಅದನ್ನು ಮಣ್ಣಿನ ಮೇಲೆ ಎರಡು ಇಂಚು ಹರಡಿದ ಮೇಲೆ ಒಂದು ಲೀಟರಿನಲ್ಲೇ ದಿನ ಕಳೆಯಿತು.

ಹಿಡಿಕೆಯಿಂದ ಇನ್ನೊಂದು ಉಪಯೋಗವಿದೆ, ಅದು ಮನೆ ಬದಲಾಯಿಸದ ವರ್ಷಗಳಲ್ಲೂ ಬೇಕಾಗುವಂಥದ್ದು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ತಲೆಯಿಂದ ಉತ್ತರಕ್ಕೆ ಇರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಚಳಿಗಾಲದಲ್ಲಿ ದಿನವಿಡೀ ಬಿಸಿಲು ಬೀಳುವ ದಕ್ಷಿಣದ ಬಾಲ್ಕನಿ ಜೂನ್‌ನಲ್ಲಿ ನೆರಳಾಗುತ್ತದೆ; ಉತ್ತರದ ಬಾಲ್ಕನಿಗೆ ವರ್ಷದಲ್ಲಿ ಬಿಸಿಲು ಬರುವುದೇ ಆಗ. ನಮ್ಮದು ಪೂರ್ವದ ಬಾಲ್ಕನಿಯಾದರೂ ಪಕ್ಕದ ಕಟ್ಟಡದ ನೆರಳು ಋತುವಿಗೆ ತಕ್ಕಂತೆ ಒಂದು ತುದಿಯಿಂದ ಇನ್ನೊಂದಕ್ಕೆ ಸರಿಯುತ್ತದೆ. ಮೆಣಸಿನ ಗಿಡಗಳನ್ನು ವರ್ಷಕ್ಕೆ ಎರಡು ಬಾರಿ ಜಾಗ ಬದಲಾಯಿಸುತ್ತೇನೆ, ಒಬ್ಬಳೇ. ಸಿಮೆಂಟ್ ಕುಂಡವಾಗಿದ್ದರೆ ಅವು ಇದ್ದಲ್ಲೇ ಸೊರಗುತ್ತಿದ್ದವು.

ಯಾವ ಅಳತೆಯಲ್ಲಿ ಏನು ಬೆಳೆಯಬಹುದು ಎಂಬುದನ್ನು ಅಂಗಡಿಯವರು ಸ್ವಲ್ಪ ಧಾರಾಳವಾಗಿಯೇ ಹೇಳುತ್ತಾರೆ. ನಾಲ್ಕು ಗಂಟೆ ಬಿಸಿಲು ಬೀಳುವ ನಮ್ಮ ಬಾಲ್ಕನಿಯ ಅನುಭವ ಇಷ್ಟು. 12 ಇಂಚಿನ ಚೀಲದಲ್ಲಿ ಹಸಿಮೆಣಸಿನಕಾಯಿ ಬಹಳ ಚೆನ್ನಾಗಿ ಬರುತ್ತದೆ, ಎರಡು ಗಿಡ ಇದ್ದರೆ ನಾಲ್ಕು ಜನರ ಮನೆಗೆ ಕೊಳ್ಳುವ ಅಗತ್ಯವೇ ಬೀಳದ ತಿಂಗಳುಗಳಿವೆ. ಬದನೆಯೂ ಸರಿ. ಟೊಮೆಟೊಗೆ 15 ಇಂಚಿನದು ಬೇಕು, ಆರು ಗಂಟೆ ಬಿಸಿಲೂ ಬೇಕು. ನಮ್ಮಲ್ಲಿ ಹೂವು ಬಿಟ್ಟಷ್ಟು ಕಾಯಿ ಕಚ್ಚಲಿಲ್ಲ. ಬೆಂಡೆಯನ್ನು ಬಾಲ್ಕನಿಯಲ್ಲಿ ಬೆಳೆಯುವುದು ವ್ಯರ್ಥವೆಂದೇ ಹೇಳುತ್ತೇನೆ, ಏಕೆಂದರೆ ನಾಲ್ಕು ಗಿಡದಿಂದ ಒಂದೇ ದಿನ ಪಲ್ಯಕ್ಕಾಗುವಷ್ಟು ಕಾಯಿ ಸಿಗುವುದಿಲ್ಲ, ಮೊದಲು ಕೊಯ್ದದ್ದು ಕಾಯುತ್ತ ನಾರಾಗುತ್ತದೆ. ನಿಜವಾದ ಲಾಭ ಇರುವುದು ಸೊಪ್ಪಿನಲ್ಲಿ, ಅದಕ್ಕೆ 24 ಇಂಚು ಉದ್ದ, 12 ಇಂಚು ಅಗಲ, 9 ಇಂಚು ಎತ್ತರದ ಆಯತಾಕಾರದ ಚೀಲ ಹೇಳಿ ಮಾಡಿಸಿದಂತಿದೆ. ಹೆಸರಘಟ್ಟದ ಸಂಸ್ಥೆಯ ಅರ್ಕಾ ಸುಗುಣ ಎಂಬ ಹರಿವೆ ತಳಿ ಬಿತ್ತಿದ ನಾಲ್ಕು ವಾರಕ್ಕೆ ಮೊದಲ ಕೊಯ್ಲಿಗೆ ಬರುತ್ತದೆ. ಬುಡ ಬಿಟ್ಟು ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಅಂತಹ ಎರಡು ಚೀಲಗಳನ್ನು ಹತ್ತು ದಿನದ ಅಂತರದಲ್ಲಿ ಬಿತ್ತಿಕೊಂಡರೆ ಬಸ್ಸಾರಿಗೆ ಸೊಪ್ಪು ತಪ್ಪುವುದಿಲ್ಲ. ಬಸಳೆ, ಪುದೀನ, ದೊಡ್ಡಪತ್ರೆಗಳಿಗೆ ಬೀಜವೂ ಬೇಡ, ಸಂತೆಯಿಂದ ತಂದ ಕಟ್ಟಿನ ದಂಟನ್ನು ಚುಚ್ಚಿದರೆ ಸಾಕು.

ಖರೀದಿಯ ಬಗ್ಗೆ ಎರಡು ಮಾತು. ಬಿಳಿಯ 12 ಇಂಚಿನ ಚೀಲಕ್ಕೆ ನಾನು 85 ರೂಪಾಯಿ, 15 ಇಂಚಿನದಕ್ಕೆ 120, ಆಯತಾಕಾರದ್ದಕ್ಕೆ 210 ಕೊಟ್ಟಿದ್ದೇನೆ. ಹರಿದುಹೋದ ಹಸಿರು ಚೀಲಗಳು ತಲಾ 45ಕ್ಕೆ ಬಂದಿದ್ದವು. ಆನ್‌ಲೈನ್‌ನಲ್ಲಿ ಚಿತ್ರ ನೋಡಿ ಕೊಳ್ಳುವುದಕ್ಕಿಂತ, ಲಾಲ್‌ಬಾಗ್ ಬಳಿಯ ಸಿದ್ದಾಪುರದ ನರ್ಸರಿ ಸಾಲಿನಂತಹ ಕಡೆ ಹೋಗಿ, ತಳ ತಿರುಗಿಸಿ, ಹಿಡಿಕೆ ಜಗ್ಗಿ ನೋಡಿ ತರುವುದು ಮೇಲು. ಅಲ್ಲಿ ಬಿಸಿಲಿನಲ್ಲೇ ಸಸಿ ಬೆಳೆಸಿಟ್ಟ ಹಳೆಯ ಚೀಲಗಳೂ ಇರುತ್ತವೆ. ಇದು ಎಷ್ಟು ವರ್ಷದ್ದು ಎಂದು ಕೇಳಿ, ಆ ಚೀಲದ ಅಂಚನ್ನು ಬೆರಳಿನಿಂದ ಉಜ್ಜಿ ನೋಡಬೇಕು. ಪುಡಿ ಉದುರದಿದ್ದರೆ ಅದೇ ಬಗೆಯದನ್ನು ಕೇಳಿ ಪಡೆಯಬಹುದು.

ನೂಲು ಬಿಟ್ಟ ಎರಡು ಚೀಲಗಳಲ್ಲಿ ಒಂದು ಕರಿಬೇವಿನದು. ಆ ಗಿಡ ಶ್ರೀನಗರದಲ್ಲಿ ಗೇಣುದ್ದದ ಸಸಿಯಾಗಿ ಬಂದದ್ದು, ಈಗ ನನ್ನ ಭುಜದೆತ್ತರಕ್ಕಿದೆ. ನಮ್ಮ ಕರಾರು ಬರುವ ಡಿಸೆಂಬರಿಗೆ ಮುಗಿಯುತ್ತದೆ, ನವೀಕರಣದ ಮಾತು ಇನ್ನೂ ಆಗಿಲ್ಲ. ಅಷ್ಟರೊಳಗೆ ಅದನ್ನು 15 ಇಂಚಿನ ಚೀಲಕ್ಕೆ ವರ್ಗಾಯಿಸಬೇಕೆಂದು ಹೊಸದೊಂದನ್ನು ತಂದಿಟ್ಟಿದ್ದೇನೆ. ಅದರ ಪಟ್ಟಿಯೂ ತಳದ ಕೆಳಗೆ ಹಾದಿದೆ; ಮೊಳೆ ಕಾಯಿಸಿ ತೂತು ಮಾಡುವ ಕೆಲಸವೂ ಮೊನ್ನೆ ಭಾನುವಾರ ಮುಗಿಯಿತು.